ಸೊಟ್ಟಪಾದದ ಚಿಕಿತ್ಸೆ: ಪಟ್ಟಿ ಹಾಕುವಾಗ ಹಸುಗೂಸಿನ ನೋವು ತಗ್ಗಿಸುವ ಬಗೆ

ಮಾನ್ಯ ಗ್ರಾಮ ಪಂಚಾಯಿತಿ ಸದಸ್ಯರ ಗಮನಕ್ಕೆ:

ಕೆಲವು ಶಿಶುಗಳು ಪಾದವು ಒಳಮುಖವಾಗಿ ತಿರುಚಿಕೊಂಡ ಸ್ಥಿತಿಯಲ್ಲಿ ಜನಿಸುತ್ತವೆ. ಇದನ್ನು ಸೊಟ್ಟಪಾದ ಅಥವಾ ಕ್ಲಬ್‌ಫುಟ್ ಎನ್ನಲಾಗುತ್ತದೆ. ಡಾ. ಇಗ್ನಾಸಿಯೊ ಪೊನ್ಸೆಟಿ ಅವರು ಅಮೆರಿಕದ ಅಯೋವಾ ವಿಶ್ವವಿದ್ಯಾಲಯದಲ್ಲಿ ರೂಪಿಸಿದ ಕ್ರಮದಂತೆ, ವೈದ್ಯರು ವಾರಕ್ಕೊಮ್ಮೆ ಪಾದವನ್ನು ಕೈಯಿಂದ ಮೆಲ್ಲನೆ ತಿದ್ದಿ, ಬೆರಳಿನಿಂದ ತೊಡೆಯವರೆಗೆ ಪ್ಲಾಸ್ಟರ್ ಪಟ್ಟಿ ಹಾಕುತ್ತಾರೆ. ಸಾಮಾನ್ಯವಾಗಿ 5ರಿಂದ 7 ಪಟ್ಟಿಗಳು ಬೇಕಾಗುತ್ತವೆ. ಅನಂತರ ಬಹುತೇಕ ಮಕ್ಕಳಿಗೆ ಹಿಮ್ಮಡಿಯ ಸ್ನಾಯುರಜ್ಜುವನ್ನು ಬಿಡಿಸುವ ಕಿರು ಶಸ್ತ್ರಕ್ರಿಯೆಯೂ, ಸುಮಾರು 4 ವರ್ಷ ವಯಸ್ಸಿನವರೆಗೆ ವಿಶೇಷ ಬೂಟಿನ ಬಳಕೆಯೂ ಇರುತ್ತದೆ.

ಪಟ್ಟಿ ಹಾಕುವಾಗ ಮಗು ಅಳುವುದನ್ನು ಕಂಡು ಮನೆಯ ಹಿರಿಯರು ಮರುಗುವುದು ಸಹಜ. ಆದರೆ ಆ ಕಾರಣಕ್ಕೆ ಚಿಕಿತ್ಸೆಯನ್ನು ನಡುವೆ ಬಿಟ್ಟರೆ ಪಾದ ಪುನಃ ತಿರುಚಿಕೊಳ್ಳುತ್ತದೆ. ಮಗು ಒದೆಯುತ್ತಿದ್ದರೆ ಪಟ್ಟಿಯೂ ಸರಿಯಾಗಿ ಕೂರುವುದಿಲ್ಲ. ಆದ್ದರಿಂದ ಮಗುವನ್ನು ಶಾಂತವಾಗಿಡುವುದು ಚಿಕಿತ್ಸೆಯ ಭಾಗವೇ ಆಗಿದೆ.

ಇದಕ್ಕೆ ಎದೆಹಾಲಿಗಿಂತ ಸುಲಭವಾದ ಉಪಾಯವಿಲ್ಲ. ಹಾಲಿನ ರುಚಿ, ಚೀಪುವ ಕ್ರಿಯೆ, ತಾಯಿಯ ಮೈಬಿಸುಪು ಮೂರೂ ಕೂಡಿ ನೋವನ್ನು ತಗ್ಗಿಸುತ್ತವೆ. ಆದಕಾರಣ ದಾರಿಯಲ್ಲೇ ಹೊಟ್ಟೆ ತುಂಬಿಸದೆ, ಪಟ್ಟಿ ಆರಂಭಿಸುವ ತುಸು ಮುಂಚೆ ಹಾಲೂಡಿಸಲು ತೊಡಗಿ, ಮುಗಿಯುವವರೆಗೂ ಮುಂದುವರಿಸುವುದು ಲೇಸು. ಎದೆಗೆ ಹಿಡಿಯಲಾಗದಿದ್ದಲ್ಲಿ ಹಿಂಡಿದ ಹಾಲನ್ನು ಒಳಲೆಯಿಂದ ಕೊಡಬಹುದು. ತಾಯಿಯನ್ನು ಹೊರಗೆ ಕೂರಿಸಿ ಮಗುವನ್ನು ಮಾತ್ರ ಒಳಗೊಯ್ಯುವ ರೂಢಿ ಎಲ್ಲಿಯೇ ಇದ್ದರೂ ಅದು ತಪ್ಪು. ತಾಯಿ ಒಳಗಿರಲು ಅವಕಾಶ ಕೇಳುವುದರಲ್ಲಿ ಸಂಕೋಚ ಬೇಡ. ಮೇಲ್ಮೈಯನ್ನು ಮೆತ್ತನೆಯ ಬಟ್ಟೆಯಲ್ಲಿ ಸುತ್ತುವುದೂ ನೆರವಾಗುತ್ತದೆ.

ಕೆಲವು ಆಸ್ಪತ್ರೆಗಳಲ್ಲಿ ಅಳತೆ ಮಾಡಿದ ಸಕ್ಕರೆ ದ್ರಾವಣದ ಹನಿಗಳನ್ನು ನಾಲಿಗೆಗೆ ಹಾಕುತ್ತಾರೆ. ಇದನ್ನು ಕಂಡು ಮನೆಯಲ್ಲಿ ಸಕ್ಕರೆ ನೀರು ಕುಡಿಸತಕ್ಕದ್ದಲ್ಲ. ಒಂದು ವರ್ಷ ತುಂಬದ ಮಗುವಿಗೆ ಜೇನುತುಪ್ಪವನ್ನಂತೂ ನೆಕ್ಕಿಸಲೇಬಾರದು. ಅಂತೆಯೇ, ಶಸ್ತ್ರಕ್ರಿಯೆಯ ದಿನ ಹಾಲೂಡಿಸುವ ವೇಳೆಯನ್ನು ವೈದ್ಯರೇ ತಿಳಿಸಬೇಕು.

ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಸೊಟ್ಟಪಾದದ ತಪಾಸಣೆ ಹಾಗೂ ಚಿಕಿತ್ಸೆ ಉಚಿತವಾಗಿರುತ್ತದೆ. ತಮ್ಮ ವಾರ್ಡಿನಲ್ಲಿ ಇಂತಹ ಮಗುವಿದ್ದಲ್ಲಿ ಆಶಾ ಕಾರ್ಯಕರ್ತೆಯ ಮೂಲಕ ಆಸ್ಪತ್ರೆಗೆ ಕಳುಹಿಸುವುದು ಹಾಗೂ ಪ್ರತಿ ವಾರವೂ ತಾಯಿಯೇ ಜೊತೆಯಲ್ಲಿ ಹೋಗುವಂತೆ ಕುಟುಂಬದವರ ಮನವೊಲಿಸುವುದು ಸದಸ್ಯರಿಂದ ಆಗಬೇಕಾದ ಕೆಲಸ.

ಮನೆಗೆ ಮರಳಿದ ಮೇಲೆ ಹಾಲೂಡಿಸಿದರೂ ಅಳು ನಿಲ್ಲದಿದ್ದರೆ, ಕಾಲ್ಬೆರಳು ನೀಲಿಯಾದರೆ, ಬಿಳಿಚಿಕೊಂಡರೆ, ಊದಿಕೊಂಡರೆ, ಅಥವಾ ಪಟ್ಟಿ ಜಾರಿ ಬೆರಳು ಒಳಸರಿದರೆ ಅದು ಸಂತೈಸಿ ಕಳೆಯುವ ನೋವಲ್ಲ. ಮುಂದಿನ ವಾರದ ಸರದಿಗೆ ಕಾಯದೆ ಮಗುವನ್ನು ಕೂಡಲೇ ಆಸ್ಪತ್ರೆಗೆ ಕರೆದೊಯ್ಯತಕ್ಕದ್ದು.