ವಾರ್ಡಿನ ಸದಸ್ಯರ ಒಂದು ತಿಂಗಳು

ಬೆಂಗಳೂರಿನ ಪಶ್ಚಿಮ ಭಾಗದಲ್ಲಿ, ಮಾಗಡಿಯ ಕಡೆಗೆ ಸಾಗುವ ರಸ್ತೆಯ ಮಗ್ಗುಲಿಗೆ, ಹೊಸಹಳ್ಳಿ ಎಂಬ ಬಡಾವಣೆಯಿದೆ. ಹೆಸರಿನಲ್ಲಿ ಹಳ್ಳಿ ಉಳಿದಿದೆ; ನೆಲದ ಮೇಲೆ ಉಳಿದಿಲ್ಲ. ನೆರೆಯ ಮಾರೇನಹಳ್ಳಿ, ಮೂಡಲಪಾಳ್ಯ, ಅತ್ತಿಗುಪ್ಪೆಗಳ ಕಥೆಯೂ ಇದೇ. ನಗರ ಬೆಳೆದು ಈ ಊರುಗಳನ್ನು ತನ್ನೊಳಗೆ ಸೇರಿಸಿಕೊಂಡಾಗ ಹೊಲಗಳು ನಿವೇಶನಗಳಾದವು, ಬಂಡಿಯ ಜಾಡುಗಳು ಅಡ್ಡರಸ್ತೆಗಳಾದವು. 2015ರ ನವೆಂಬರ್ ತಿಂಗಳಿಂದ ಮೆಟ್ರೊ ರೈಲು ಕೂಡ ಹೊಸಹಳ್ಳಿಯಲ್ಲಿ ನಿಲ್ಲುತ್ತಿದೆ. ಹಳ್ಳಿಯಾಗಿದ್ದಾಗ ಊರಿನ ಕಷ್ಟಸುಖವನ್ನು ಪಟೇಲರ ಜಗಲಿಯಲ್ಲೋ ಅರಳಿಕಟ್ಟೆಯಲ್ಲೋ ಹೇಳಿಕೊಳ್ಳಬಹುದಾಗಿತ್ತು. ಊರು ನಗರವಾದ ಮೇಲೆ ಯಾರಲ್ಲಿ ಹೇಳಿಕೊಳ್ಳುವುದು?

ಈ ಪ್ರಶ್ನೆಗೆ ಉತ್ತರವಾಗಿಯೇ ನಗರಪಾಲಿಕೆಯ ಸದಸ್ಯರೆಂಬವರು ಇರುವುದು. ಬೃಹತ್ ಬೆಂಗಳೂರು ಮಹಾನಗರಪಾಲಿಕೆಗೆ 2010ರಲ್ಲಿ ಮೊದಲ ಚುನಾವಣೆ ನಡೆದಾಗ ನಗರವನ್ನು 198 ವಾರ್ಡುಗಳಾಗಿ ವಿಂಗಡಿಸಲಾಗಿತ್ತು. ಹೊಸಹಳ್ಳಿ ಅವುಗಳಲ್ಲಿ 124ನೆಯದು. ವಿಧಾನಸಭೆಯ ಸದಸ್ಯರನ್ನು ಅಧಿವೇಶನದ ಕಾಲದಲ್ಲಿ ಕಾಣುವುದು ಕಷ್ಟ. ಲೋಕಸಭೆಯ ಸದಸ್ಯರು ಇನ್ನೂ ದೂರದವರು. ವಾರ್ಡಿನ ಸದಸ್ಯರ ಮನೆ ಮಾತ್ರ ಎರಡು ಬೀದಿಗಳ ಆಚೆಗೆ ಇರುತ್ತದೆ. ಪ್ರಜಾಪ್ರಭುತ್ವವು ಕೈಗೆ ಎಟಕುವಷ್ಟು ಹತ್ತಿರವಾಗುವುದು ಅಲ್ಲಿಯೇ.

ಇದು ನಿನ್ನೆ ಮೊನ್ನೆಯ ಏರ್ಪಾಡೇನೂ ಅಲ್ಲ. ಬೆಂಗಳೂರಿಗೆ ಪುರಸಭೆ ಬಂದುದು 1862ರಲ್ಲಿ. ಆಗ ಪೇಟೆಗೊಂದು, ದಂಡಿಗೆ, ಎಂದರೆ ಕಂಟೋನ್ಮೆಂಟಿಗೆ ಒಂದು, ಹೀಗೆ ಎರಡು ಬೇರೆ ಬೇರೆ ಮಂಡಲಿಗಳಿದ್ದವು. ಅವೆರಡೂ ಕೂಡಿ ಒಂದೇ ನಗರಪಾಲಿಕೆಯಾದುದು ಸ್ವಾತಂತ್ರ್ಯ ಬಂದ ಮೇಲೆ, 1949ರಲ್ಲಿ. ಇಂದು ಪುರಭವನಕ್ಕೆ ಯಾರ ಹೆಸರಿದೆಯೋ ಆ ಸರ್ ಕೆ. ಪಿ. ಪುಟ್ಟಣ್ಣಚೆಟ್ಟಿಯವರು ಪೇಟೆಯ ಪುರಸಭೆಗೆ ಅಧ್ಯಕ್ಷರಾಗಿದ್ದವರು. ಇನ್ನು ದೇಶದ ಮಾತು. ಸರ್ದಾರ್ ವಲ್ಲಭಭಾಯಿ ಪಟೇಲರು 1924ರಿಂದ 1928ರವರೆಗೆ ಅಹಮದಾಬಾದಿನ ಪುರಸಭೆಯ ಅಧ್ಯಕ್ಷರಾಗಿದ್ದರು. ಜವಾಹರಲಾಲ್ ನೆಹರೂ ಅವರು ಅಲಹಾಬಾದಿನಲ್ಲಿ, ರಾಜೇಂದ್ರಪ್ರಸಾದರು ಪಾಟ್ನಾದಲ್ಲಿ, ಅವರಿಗೂ ಮೊದಲೇ ರಾಜಾಜಿಯವರು ಸೇಲಂನಲ್ಲಿ ಪುರಸಭೆಯ ಹೊಣೆ ಹೊತ್ತವರು. ಮುಂದೆ ದೇಶದ ಪ್ರಧಾನಿಗಳೂ ರಾಷ್ಟ್ರಪತಿಗಳೂ ಆದವರು ಒಂದು ಕಾಲದಲ್ಲಿ ಊರಿನ ಕೊಳಾಯಿ, ಕಕ್ಕಸು, ಕಂದಾಯಗಳ ಲೆಕ್ಕ ನೋಡಿದ್ದರು. ಚರಂಡಿಯ ವಿಚಾರ ಸಣ್ಣದು, ದೇಶದ ವಿಚಾರ ದೊಡ್ಡದು ಎಂದು ಅವರು ಎಣಿಸಿದಂತೆ ತೋರುವುದಿಲ್ಲ.

ಹೊಸಹಳ್ಳಿಯಂಥ ವಾರ್ಡಿನ ಸದಸ್ಯರ ದಿನ ಬೆಳಗಿನ ಹೊತ್ತಿಗೇ ಮೊದಲಾಗುತ್ತಿತ್ತು. ಪೌರಕಾರ್ಮಿಕರು ಹಾಜರಿ ಹಾಕಿ ಪೊರಕೆ ಹಿಡಿದು ಹೊರಡುವಾಗಲೇ ಸದಸ್ಯರ ಮನೆಯ ಬಾಗಿಲಲ್ಲಿ ನಾಲ್ಕಾರು ಮಂದಿ ನಿಂತಿರುತ್ತಿದ್ದರು. ಒಬ್ಬರ ಮನೆಗೆ ಮೂರು ದಿನದಿಂದ ನೀರಿಲ್ಲ. ಒಬ್ಬರ ಬೀದಿಯಲ್ಲಿ ದೀಪವಿಲ್ಲ. ಒಬ್ಬ ಅಜ್ಜಿಗೆ ವೃದ್ಧಾಪ್ಯ ವೇತನ ನಿಂತುಹೋಗಿದೆ. ಇನ್ನೊಬ್ಬರಿಗೆ ಪಡಿತರ ಚೀಟಿಯಲ್ಲಿ ಸೊಸೆಯ ಹೆಸರು ಸೇರಬೇಕು. ಮತ್ತೊಬ್ಬರು ಮಗನನ್ನು ಶಾಲೆಗೆ ಸೇರಿಸಲು ಒಂದು ಶಿಫಾರಸು ಪತ್ರ ಕೇಳಲು ಬಂದಿದ್ದಾರೆ. ಎಲ್ಲರಿಗೂ ಸದಸ್ಯರು ಒಬ್ಬರೇ.

ಇಲ್ಲಿ ಒಂದು ಸೂಕ್ಷ್ಮವಿದೆ. ಜನರು ಕೇಳುವುದರಲ್ಲಿ ಅರ್ಧಕ್ಕೂ ಹೆಚ್ಚು ಕೆಲಸ ನಗರಪಾಲಿಕೆಯ ಕೈಯಲ್ಲಿಲ್ಲ. ಕುಡಿಯುವ ನೀರನ್ನೂ ಒಳಚರಂಡಿಯನ್ನೂ ನೋಡಿಕೊಳ್ಳುವುದು 1964ರಲ್ಲಿ ಸ್ಥಾಪನೆಯಾದ ಜಲಮಂಡಲಿ. ವಿದ್ಯುತ್ತು ಬೆಸ್ಕಾಂ ಸಂಸ್ಥೆಗೆ ಸೇರಿದ್ದು. ಬಸ್ಸು ಸಾರಿಗೆ ಸಂಸ್ಥೆಯದು. ಬಡಾವಣೆಗಳನ್ನು ರಚಿಸುತ್ತ ಬಂದುದು 1976ರಿಂದೀಚೆಗೆ ಅಭಿವೃದ್ಧಿ ಪ್ರಾಧಿಕಾರ. ವೃದ್ಧಾಪ್ಯ ವೇತನ ಕಂದಾಯ ಇಲಾಖೆಯದು. ಪಡಿತರ ಚೀಟಿ ಆಹಾರ ಇಲಾಖೆಯದು. ರಸ್ತೆ, ಮಳೆನೀರಿನ ಚರಂಡಿ, ಬೀದಿದೀಪ, ಕಸ, ಉದ್ಯಾನ, ಪಾಲಿಕೆಯ ಶಾಲೆ ಮತ್ತು ಆಸ್ಪತ್ರೆಗಳು ಮಾತ್ರ ಪಾಲಿಕೆಯ ಪಾಲಿನವು. ಆದರೆ ಮನೆಯಲ್ಲಿ ನೀರಿಲ್ಲದ ತಾಯಿಗೆ ಇಲಾಖೆಗಳ ಈ ವಿಂಗಡಣೆಯನ್ನು ವಿವರಿಸಿ ಕಳುಹಿಸಿದರೆ ಅದು ಉತ್ತರವಾಗುವುದಿಲ್ಲ. ಅನುಭವವುಳ್ಳ ಸದಸ್ಯರು ‘ಅದು ನಮ್ಮದಲ್ಲ’ ಎನ್ನುತ್ತಿರಲಿಲ್ಲ. ಅರ್ಜಿಯನ್ನು ಬರೆಸಿ, ಜಲಮಂಡಲಿಯ ಎಂಜಿನಿಯರಿಗೆ ಫೋನು ಮಾಡಿ, ನಾಲ್ಕು ದಿನ ಬಿಟ್ಟು ಮತ್ತೆ ಕೇಳುತ್ತಿದ್ದರು. ಆಜ್ಞೆ ಮಾಡುವ ಅಧಿಕಾರ ಅವರಿಗಿರಲಿಲ್ಲ. ಬೆನ್ನುಹತ್ತಿ ಕೇಳುವ ಹಕ್ಕಿತ್ತು. ಒಂದು ವಾರ್ಡಿನ ಅರೆಪಾಲು ಕೆಲಸ ನಡೆಯುವುದು ಈ ಕೇಳುವಿಕೆಯಿಂದಲೇ.

ತಿಂಗಳಿಗೊಮ್ಮೆ ಈ ಬಿಡಿ ಅಹವಾಲುಗಳು ಒಂದೆಡೆ ಸೇರಬೇಕೆಂಬುದು ಕಾನೂನಿನ ಆಶಯ. 1992ರಲ್ಲಿ ಸಂಸತ್ತು ಅಂಗೀಕರಿಸಿದ ಸಂವಿಧಾನದ 74ನೆಯ ತಿದ್ದುಪಡಿಯು ನಗರಸಭೆಗಳಿಗೆ ಸಂವಿಧಾನದಲ್ಲಿಯೇ ಸ್ಥಾನ ಕಲ್ಪಿಸಿತು. ಅವುಗಳಿಗೆ ವಹಿಸಬಹುದಾದ 18 ವಿಷಯಗಳನ್ನು ಹೆಸರಿಸಿತು. ಮೂರು ಲಕ್ಷ ಅಥವಾ ಅದಕ್ಕಿಂತ ಹೆಚ್ಚು ಜನಸಂಖ್ಯೆಯ ನಗರಗಳಲ್ಲಿ ವಾರ್ಡು ಸಮಿತಿಗಳಿರಬೇಕೆಂದು ವಿಧಿಸಿತು. ಕರ್ನಾಟಕದಲ್ಲಿ ಇದಕ್ಕೆ ವಿವರವಾದ ನಿಯಮಗಳು ಬಂದುದು 2016ರಲ್ಲಿ. ಅವುಗಳ ಪ್ರಕಾರ ವಾರ್ಡಿನ ಸದಸ್ಯರೇ ಸಮಿತಿಯ ಅಧ್ಯಕ್ಷರು. ಅವರೊಡನೆ ಹತ್ತು ಮಂದಿ ನಾಗರಿಕರು. ಈ ಹತ್ತರಲ್ಲಿ ಕನಿಷ್ಠ ಮೂವರು ಮಹಿಳೆಯರು, ಇಬ್ಬರು ಪರಿಶಿಷ್ಟ ಜಾತಿ ಅಥವಾ ಪಂಗಡದವರು, ಇಬ್ಬರು ನಿವಾಸಿಗಳ ಸಂಘದವರು ಇರಬೇಕು. ಸಮಿತಿ ಪ್ರತಿ ತಿಂಗಳೂ ಸಭೆ ಸೇರಬೇಕು.

ಹಲವು ವಾರ್ಡುಗಳಲ್ಲಿ ಈ ಸಮಿತಿಗಳು ಮೊದಮೊದಲು ಹೆಸರಿಗಷ್ಟೇ ಇದ್ದವು. ರಾಜ್ಯದ ಉಚ್ಚ ನ್ಯಾಯಾಲಯ ಮತ್ತೆ ಮತ್ತೆ ಎಚ್ಚರಿಸಬೇಕಾಯಿತು. ನಾಗರಿಕರೂ ಒತ್ತಾಯಿಸಿದರು. 2018ರ ಡಿಸೆಂಬರ್ ತಿಂಗಳಿಂದ ಪ್ರತಿ ತಿಂಗಳ ಮೊದಲ ಶನಿವಾರ ಎಲ್ಲ ವಾರ್ಡುಗಳಲ್ಲೂ ಸಭೆ ನಡೆಯಬೇಕೆಂದು ಗೊತ್ತಾಯಿತು. ದಿನ ಗೊತ್ತಾದುದು ಸಣ್ಣ ಸಂಗತಿಯಲ್ಲ. ‘ಬಂದಾಗ ನೋಡೋಣ’ ಎಂಬುದಕ್ಕೂ ‘ಮೊದಲ ಶನಿವಾರ’ ಎಂಬುದಕ್ಕೂ ಬಹಳ ಅಂತರವಿದೆ. ಗೊತ್ತಾದ ದಿನ ಎಂಜಿನಿಯರು, ಆರೋಗ್ಯ ನಿರೀಕ್ಷಕರು, ಜಲಮಂಡಲಿಯವರು ಎದುರಿಗೆ ಕುಳಿತಿದ್ದರೆ, ಕಳೆದ ತಿಂಗಳು ಒಪ್ಪಿಕೊಂಡ ಕೆಲಸ ಏಕೆ ಆಗಲಿಲ್ಲವೆಂದು ಯಾರಾದರೂ ಕೇಳಬಹುದು. ಕೇಳಿದ್ದೂ ಹೇಳಿದ್ದೂ ನಡವಳಿ ಪುಸ್ತಕದಲ್ಲಿ ದಾಖಲಾಗುತ್ತದೆ. ಬಾಯಿಮಾತಿನ ಭರವಸೆ ಮರೆತುಹೋಗಬಹುದು. ನಡವಳಿಯಲ್ಲಿ ಬರೆದುದು ಮರುತಿಂಗಳು ಮತ್ತೆ ಎದ್ದು ನಿಲ್ಲುತ್ತದೆ.

ವಾರ್ಡಿನ ಸಭೆ ಮುಗಿದರೆ ಪಾಲಿಕೆಯ ಸಭೆ. ಅದೂ ತಿಂಗಳಿಗೊಮ್ಮೆ ನಡೆಯಬೇಕಾದುದು. ಕೇಂದ್ರ ಕಚೇರಿಯ ಕೆಂಪೇಗೌಡ ಪೌರಸಭಾಂಗಣದಲ್ಲಿ 198 ಮಂದಿಯೂ ಸೇರುತ್ತಿದ್ದರು. ಅಲ್ಲಿ ಹೊಸಹಳ್ಳಿ ಒಂದು ಚುಕ್ಕೆಯಷ್ಟೇ. ಎಲ್ಲ ವಾರ್ಡುಗಳಿಗೂ ಹಣ ಬೇಕು. ಇರುವ ಹಣ ಒಂದೇ ಬೊಕ್ಕಸದ್ದು. ತನ್ನ ವಾರ್ಡಿಗಾಗಿ ವಾದಿಸುವ ಸದಸ್ಯರೇ ಇಡೀ ನಗರದ ಆಯವ್ಯಯಕ್ಕೂ ಕೈಯೆತ್ತಬೇಕಾಗುತ್ತದೆ. ಸಭೆಯಲ್ಲಿ ಗದ್ದಲವಾಗುತ್ತಿದ್ದುದೂ ಉಂಟು. ಪತ್ರಿಕೆಗಳು ಗದ್ದಲವನ್ನೇ ಹೆಚ್ಚಾಗಿ ಪ್ರಕಟಿಸಿದವು; ಸದ್ದಿಲ್ಲದೆ ಅಂಗೀಕಾರವಾದ ಗೊತ್ತುವಳಿಗಳನ್ನು ಓದಿದವರು ಕಡಿಮೆ.

ವಾರ್ಡಿನ ಸಣ್ಣ ವಿಷಯ ದೇಶದ ವಿಷಯವೇ ಆಗಿಬಿಡುವುದಕ್ಕೆ ನೀರಿಗಿಂತ ಒಳ್ಳೆಯ ಉದಾಹರಣೆಯಿಲ್ಲ. ಹೊಸಹಳ್ಳಿಯ ನಲ್ಲಿಗೆ ಬರುವ ಕಾವೇರಿಯ ನೀರು ಸುಮಾರು 100 ಕಿಲೋಮೀಟರು ದೂರದಿಂದ, ಮೂರು ಹಂತಗಳಲ್ಲಿ ಪಂಪುಗಳಿಂದ ಮೇಲೆತ್ತಲ್ಪಟ್ಟು ಬರುತ್ತದೆ. ಬೆಂಗಳೂರಿಗೆ ಕಾವೇರಿ ಯೋಜನೆಯ ಮೊದಲ ಹಂತದ ನೀರು ಬಂದುದು 1974ರಲ್ಲಿ. ಈ ನೀರಿನಲ್ಲಿ ಕರ್ನಾಟಕದ ಪಾಲೆಷ್ಟು, ತಮಿಳುನಾಡಿನ ಪಾಲೆಷ್ಟು ಎಂಬ ವ್ಯಾಜ್ಯ ಬಹಳ ಹಳೆಯದು. ನಗರದ ನಡುವೆ ಉತ್ತರದಿಂದ ದಕ್ಷಿಣಕ್ಕೆ ಒಂದು ದಿಣ್ಣೆ ಹಾದುಹೋಗಿದೆ. ಅದರ ಪೂರ್ವಕ್ಕೆ ಬಿದ್ದ ಮಳೆ ದಕ್ಷಿಣ ಪಿನಾಕಿನಿಯ ಕಡೆಗೂ, ಪಶ್ಚಿಮಕ್ಕೆ ಬಿದ್ದ ಮಳೆ ಅರ್ಕಾವತಿಯ ಮೂಲಕ ಕಾವೇರಿಗೂ ಹರಿಯುತ್ತದೆ. 2007ರಲ್ಲಿ ತೀರ್ಪು ಕೊಟ್ಟ ಕಾವೇರಿ ನ್ಯಾಯಮಂಡಲಿಯು ಬೆಂಗಳೂರಿನ ಮೂರನೆಯ ಒಂದು ಭಾಗ ಮಾತ್ರ ಕಾವೇರಿ ಕೊಳ್ಳದಲ್ಲಿದೆಯೆಂದು ಪರಿಗಣಿಸಿ ಕುಡಿಯುವ ನೀರಿನ ಲೆಕ್ಕ ಹಾಕಿತ್ತು. ಸರ್ವೋಚ್ಚ ನ್ಯಾಯಾಲಯ 2018ರ ಫೆಬ್ರವರಿ 16ರಂದು ಆ ಲೆಕ್ಕವನ್ನು ಒಪ್ಪದೆ, ಇಡೀ ನಗರದ ಬಾಯಾರಿಕೆಯನ್ನು ಗಣನೆಗೆ ತೆಗೆದುಕೊಂಡು, ಬೆಂಗಳೂರಿಗಾಗಿ 4.75 ಟಿಎಂಸಿ ನೀರನ್ನು ಹೆಚ್ಚಿಗೆ ಕೊಟ್ಟಿತು. ವಾರ್ಡಿನ ಸಭೆಯಲ್ಲಿ ‘ನಮ್ಮ ಅಡ್ಡರಸ್ತೆಗೆ ವಾರಕ್ಕೆರಡೇ ದಿನ ನೀರು’ ಎಂದು ಎದ್ದ ಪ್ರಶ್ನೆಯ ಇನ್ನೊಂದು ತುದಿ ದೆಹಲಿಯಲ್ಲಿದ್ದುದು ಹೀಗೆ.

ಬಂದ ನೀರಿನ ಕಥೆ ಇದಾದರೆ ಹೋಗುವ ನೀರಿನದು ಬೇರೆ. ಹೊಸಹಳ್ಳಿ ಇರುವುದು ದಿಣ್ಣೆಯ ಪಶ್ಚಿಮಕ್ಕೆ. ಇಲ್ಲಿಯ ಮೋರಿಗಳ ನೀರು ರಾಜಕಾಲುವೆಗಳನ್ನು ಸೇರಿ ವೃಷಭಾವತಿಯ ಕಣಿವೆಗೆ ಇಳಿಯುತ್ತದೆ. ಒಂದು ಕಾಲಕ್ಕೆ ತಿಳಿನೀರಿನ ಹೊಳೆಯಾಗಿದ್ದ ವೃಷಭಾವತಿ, ನಗರದ ಕೊಳೆಯನ್ನು ಹೊತ್ತು ಮೈಸೂರು ರಸ್ತೆಯ ಪಕ್ಕದಲ್ಲಿ ಕೆಂಗೇರಿಯನ್ನು ದಾಟಿ ಬೈರಮಂಗಲದ ಕೆರೆಗೆ ಹೋಗುತ್ತದೆ. ಅಲ್ಲಿಂದ ಮುಂದೆ ಅರ್ಕಾವತಿ. ಅರ್ಕಾವತಿಯಿಂದ ಸಂಗಮದಲ್ಲಿ ಕಾವೇರಿ. ಬೈರಮಂಗಲದ ಸುತ್ತಲಿನ ರೈತರು ನಗರ ಬಿಟ್ಟ ನೀರಿನಲ್ಲಿಯೇ ಬೇಸಾಯ ಮಾಡಬೇಕಾಗಿ ಬಂದಿದೆ. ಹೊಸಹಳ್ಳಿಯವರು ಕುಡಿದು ಬಳಸಿದ ಕಾವೇರಿಯೇ ಹೊಲಸಾಗಿ ಮತ್ತೆ ಕಾವೇರಿಗೆ ಮರಳುತ್ತಿದೆಯೆಂದರೆ ತಪ್ಪಾಗದು. ಮಳೆಗಾಲಕ್ಕೆ ಮುನ್ನ ಮೋರಿಯ ಹೂಳೆತ್ತಿಸುವುದು, ಅದಕ್ಕೆ ಕಸ ಸುರಿಯದಂತೆ ನೋಡಿಕೊಳ್ಳುವುದು, ಕಾಲುವೆಯ ಅಂಚನ್ನು ಒತ್ತಿ ಮನೆ ಕಟ್ಟುವವರನ್ನು ತಡೆಯುವುದು, ಇವು ವಾರ್ಡಿನ ಸದಸ್ಯರು ಪ್ರತಿವರ್ಷವೂ ಮಾಡಬೇಕಾಗಿದ್ದ ಕೆಲಸಗಳು. ಅವುಗಳಲ್ಲಿ ಕೊನೆಯದಕ್ಕೆ ಮಾತ್ರ ಎದೆಗಾರಿಕೆ ಬೇಕಿತ್ತು. ಒತ್ತುವರಿ ಮಾಡಿದವರಿಗೂ ಮತವಿರುತ್ತದೆಯಷ್ಟೆ!

ಕಸದ ವಿಷಯವೂ ಹೀಗೆಯೇ. ಬೆಂಗಳೂರಿನ ಕಸವನ್ನು ವರ್ಷಗಟ್ಟಲೆ ಸುತ್ತಲಿನ ಮಾವಳ್ಳಿಪುರ, ಮಂಡೂರು ಮೊದಲಾದ ಹಳ್ಳಿಗಳಿಗೆ ಸಾಗಿಸಿ ರಾಶಿ ಹಾಕಲಾಗುತ್ತಿತ್ತು. ಆ ಹಳ್ಳಿಗರ ಬಾವಿಗಳು ಕೆಟ್ಟವು. 2012ರಲ್ಲಿ ಮಾವಳ್ಳಿಪುರದ ಬಾಗಿಲು ಮುಚ್ಚಿತು. ನಗರದ ಬೀದಿಗಳಲ್ಲಿ ಕಸದ ಗುಡ್ಡೆಗಳೆದ್ದವು. 2014ರ ಕೊನೆಗೆ ಮಂಡೂರಿಗೆ ಲಾರಿ ಹೋಗುವುದೂ ನಿಂತಿತು. ಪ್ರತಿ ಮನೆಯೂ ಹಸಿಕಸ, ಒಣಕಸ, ನೈರ್ಮಲ್ಯದ ಕಸ ಎಂದು ಮೂರು ಬಗೆಯಾಗಿ ಬೇರ್ಪಡಿಸಿ ಕೊಡಬೇಕೆಂದು ಉಚ್ಚ ನ್ಯಾಯಾಲಯ 2015ರ ಡಿಸೆಂಬರ್‌ನಲ್ಲಿ ಆದೇಶಿಸಿತು. ಆದೇಶ ನ್ಯಾಯಾಲಯದ್ದಾದರೂ ಅದನ್ನು ಮನೆಮನೆಯ ಬಾಗಿಲಲ್ಲಿ ತಿಳಿಯಹೇಳಬೇಕಾದವರು ವಾರ್ಡಿನವರೇ.

ಇನ್ನು ನೇರವಾಗಿ ರಾಷ್ಟ್ರದ್ದೆನ್ನಬಹುದಾದ ಕೆಲಸಗಳು. ಪಲ್ಸ್ ಪೋಲಿಯೊ ಭಾನುವಾರ ಬಂದರೆ ಸದಸ್ಯರು ಬೆಳಗ್ಗೆಯೇ ಲಸಿಕೆಯ ಕೇಂದ್ರದಲ್ಲಿರುತ್ತಿದ್ದರು. ಈ ಕಾರ್ಯಕ್ರಮ 1995ರಲ್ಲಿ ಆರಂಭವಾಯಿತು. ದೇಶದ ಕೊನೆಯ ಪೋಲಿಯೊ ಪ್ರಕರಣ 2011ರ ಜನವರಿಯಲ್ಲಿ ಪಶ್ಚಿಮ ಬಂಗಾಳದಲ್ಲಿ ಕಂಡಿತು. 2014ರಲ್ಲಿ ಭಾರತ ಈ ರೋಗದಿಂದ ಮುಕ್ತವೆಂಬ ಪ್ರಮಾಣಪತ್ರ ದೊರೆಯಿತು. ಮತದಾರರ ಪಟ್ಟಿಯ ಪರಿಷ್ಕರಣೆ, ಜನಗಣತಿ, ಸ್ವಾತಂತ್ರ್ಯೋತ್ಸವ, ರಾಜ್ಯೋತ್ಸವದ ಧ್ವಜಾರೋಹಣ, ಎಲ್ಲಕ್ಕೂ ವಾರ್ಡೇ ನೆಲೆ.

ಸದಸ್ಯರೆಲ್ಲರೂ ಹೀಗೆಯೇ ದುಡಿದರೆಂದು ಬರೆದರೆ ಅದು ಬರಿಯ ಸ್ತುತಿಯಾದೀತು. ಕೆಲವರಿಗೆ ಬೀದಿಯ ದೀಪಕ್ಕಿಂತ ದೀಪದ ಕಂಬಕ್ಕೆ ಕಟ್ಟಿದ ತಮ್ಮ ಭಾವಚಿತ್ರವೇ ಮುಖ್ಯವಾಗಿತ್ತು. 2018ರಲ್ಲಿ ಉಚ್ಚ ನ್ಯಾಯಾಲಯ ಗದರಿಸಿದ ಮೇಲೆ ಆ ಫ್ಲೆಕ್ಸುಗಳು ಇಳಿದವು. ಗುತ್ತಿಗೆದಾರರ ಸಂಗವನ್ನು ಜನರು ಶಂಕಿಸಿದ್ದೂ ಉಂಟು. ಆದರೂ ಕೆಟ್ಟ ಸದಸ್ಯರನ್ನು ಬದಲಾಯಿಸಲು ಐದು ವರ್ಷಕ್ಕೊಮ್ಮೆ ಜನರಿಗೆ ಅವಕಾಶವಿತ್ತು. ಸದಸ್ಯರೇ ಇಲ್ಲದ ಕಾಲ ಹೇಗಿರುತ್ತದೆಂಬುದು ತಿಳಿದುದು ಅನಂತರ.

2020ರ ಮಾರ್ಚಿನಲ್ಲಿ ಕೋವಿಡ್ ಬಂದು ದೇಶವೆಲ್ಲ ಬಾಗಿಲು ಹಾಕಿಕೊಂಡಿತು. ಆ ರೋಗದ ನಡುವೆಯೇ, ಸೆಪ್ಟೆಂಬರ್ 10ರಂದು, ಬೆಂಗಳೂರಿನ ಸದಸ್ಯರ ಅವಧಿ ಮುಗಿಯಿತು. ಹೊಸ ಚುನಾವಣೆ ನಡೆಯಲಿಲ್ಲ; ಪಾಲಿಕೆ ಆಡಳಿತಾಧಿಕಾರಿಗಳ ಕೈಗೆ ಹೋಯಿತು. 2021ರ ಏಪ್ರಿಲ್, ಮೇ ತಿಂಗಳುಗಳಲ್ಲಿ ಎರಡನೆಯ ಅಲೆ ನಗರವನ್ನು ನಡುಗಿಸಿದಾಗ, ಆಸ್ಪತ್ರೆಯಲ್ಲಿ ಹಾಸಿಗೆಗಾಗಿ, ಆಮ್ಲಜನಕಕ್ಕಾಗಿ ಜನರು ರಾತ್ರಿಯೆಲ್ಲ ಅಲೆದಾಗ, ಎರಡು ಬೀದಿಗಳ ಆಚೆಗಿನ ಆ ಬಾಗಿಲಿನ ಹಿಂದೆ ಅಧಿಕಾರವುಳ್ಳ ಸದಸ್ಯರು ಯಾರೂ ಇರಲಿಲ್ಲ. ಮಾಜಿಗಳಾಗಿದ್ದ ಕೆಲವರು ತಮ್ಮಿಂದಾದುದನ್ನು ಮಾಡಿದರು. ಅಧಿಕಾರಿಗಳಲ್ಲಿ ದಕ್ಷರು ಇರಲಿಲ್ಲವೆಂದಲ್ಲ. ಅವರು ವರ್ಗವಾಗಿ ಬರುವವರು, ವರ್ಗವಾಗಿ ಹೋಗುವವರು. ಯಾವ ಅಡ್ಡರಸ್ತೆಯ ಯಾವ ಮನೆಯಲ್ಲಿ ಮುದುಕರಿಬ್ಬರೇ ಇದ್ದಾರೆಂಬುದು ಅವರ ಕಡತದಲ್ಲಿ ಇರುವುದಿಲ್ಲ.

ಐದು ವರ್ಷಗಳು ಹೀಗೆಯೇ ಕಳೆದವು. 2025ರ ಸೆಪ್ಟೆಂಬರ್ 2ರಂದು ಬೃಹತ್ ಬೆಂಗಳೂರು ಮಹಾನಗರಪಾಲಿಕೆಯ ಸ್ಥಾನದಲ್ಲಿ ಐದು ನಗರಪಾಲಿಕೆಗಳು ಅಸ್ತಿತ್ವಕ್ಕೆ ಬಂದವು. ಹೊಸಹಳ್ಳಿಯ ನೆಲ ಬೆಂಗಳೂರು ಪಶ್ಚಿಮ ನಗರಪಾಲಿಕೆಗೆ ಸೇರಿತು. ವಾರ್ಡುಗಳ ಎಲ್ಲೆಗಳನ್ನು ಹೊಸದಾಗಿ ಗುರುತಿಸಲಾಯಿತು. 124 ಎಂಬ ಸಂಖ್ಯೆ ಹಳೆಯ ನಡವಳಿ ಪುಸ್ತಕಗಳಲ್ಲಿ ಉಳಿಯಿತು.