ಕಿಟಕಿಯ ಬಣ್ಣದಲ್ಲಿ ಕುಳಿತ ಸೀಸ

ಮಂಗಳೂರಿನ ಹಳೆಯ ಹೆಂಚಿನ ಮನೆಗಳ ಬಾಗಿಲು, ಕಿಟಕಿಗಳ ಮೇಲೆ ಹತ್ತಾರು ವರ್ಷಗಳ ಎಣ್ಣೆಬಣ್ಣ ಪದರ ಪದರವಾಗಿ ಕುಳಿತಿರುತ್ತದೆ. ಹೊಸ ಬಣ್ಣ ಬಳಿಯುವ ಮೊದಲು ಹಳೆಯದನ್ನು ಉಜ್ಜು ಕಾಗದದಿಂದ ತಿಕ್ಕುವುದು ವಾಡಿಕೆ. ಆಗ ಏಳುವ ಧೂಳು ಜಗಲಿಯ ಮೇಲೆ ಬೀಳುತ್ತದೆ. ಅಲ್ಲೇ ಅಂಬೆಗಾಲಿಡುವ ಮಗು ಕೈಯನ್ನು ಬಾಯಿಗಿಡುತ್ತದೆ. ಸೀಸ ಮಗುವಿನ ಹೊಟ್ಟೆ ಸೇರಲು ಇಷ್ಟೇ ಸಾಕು.

ಬಣ್ಣ ಬೇಗ ಒಣಗಲಿ, ಹೊಳಪು ಬಾಳಲಿ ಎಂದು ಅದಕ್ಕೆ ಸೀಸದ ಸಂಯುಕ್ತಗಳನ್ನು ಬೆರೆಸುತ್ತಿದ್ದರು. ಕಣ್ಣು ಕುಕ್ಕುವ ಹಳದಿ, ಕಿತ್ತಳೆ ಬಣ್ಣಗಳಲ್ಲಿ ಅದರ ಪಾಲು ಹೆಚ್ಚು. ನುಂಗಿದ ಸೀಸವನ್ನು ಚಿಕ್ಕ ಮಕ್ಕಳ ದೇಹ ದೊಡ್ಡವರಿಗಿಂತ ನಾಲ್ಕೈದು ಪಟ್ಟು ಹೆಚ್ಚು ಹೀರಿಕೊಳ್ಳಬಲ್ಲದು. ಅದು ಕ್ಯಾಲ್ಸಿಯಂನ ವೇಷದಲ್ಲಿ ಮೂಳೆ ಸೇರಿ ವರ್ಷಗಟ್ಟಲೆ ಉಳಿಯುತ್ತದೆ, ಮಿದುಳಿನ ಬೆಳವಣಿಗೆಗೆ ಅಡ್ಡಿಯಾಗುತ್ತದೆ. ಹೆಚ್ಚಿನ ಮಕ್ಕಳಲ್ಲಿ ಹೊರಗೆ ಕಾಣುವ ಲಕ್ಷಣವೇ ಇಲ್ಲ. ಪಾಠದಲ್ಲಿ ಹಿಂದೆ ಬಿದ್ದ ಹುಡುಗನಿಗೆ ಸಿಗುವುದು ಬೈಗುಳ, ರಕ್ತ ಪರೀಕ್ಷೆಯಲ್ಲ.

ಈ ವಿಷಯವನ್ನು ಪಟ್ಟುಹಿಡಿದು ಹೇಳುತ್ತ ಬಂದವರು ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ಜೀವರಸಾಯನಶಾಸ್ತ್ರ ಪ್ರಾಧ್ಯಾಪಕರಾಗಿದ್ದ ಡಾ. ತುಪ್ಪಿಲ್ ವೆಂಕಟೇಶ್. ಜಾರ್ಜ್ ಪ್ರತಿಷ್ಠಾನದ ಆಶ್ರಯದಲ್ಲಿ ದೇಶದ ಏಳು ನಗರಗಳಲ್ಲಿ ನಡೆದ ರಕ್ತ ಪರೀಕ್ಷೆಯ ಫಲಿತಾಂಶ 1999ರಲ್ಲಿ ಹೊರಬಂತು. ಪರೀಕ್ಷೆಗೊಳಗಾದ 12 ವರ್ಷದೊಳಗಿನ ಮಕ್ಕಳಲ್ಲಿ ಅರ್ಧಕ್ಕೂ ಹೆಚ್ಚು ಮಂದಿಯ ರಕ್ತದಲ್ಲಿ ಸೀಸದ ಪ್ರಮಾಣ ಡೆಸಿಲೀಟರಿಗೆ 10 ಮೈಕ್ರೋಗ್ರಾಂ ಮೀರಿತ್ತು. ಮಂಗಳೂರೂ ಈ ಚಿತ್ರದಿಂದ ಹೊರಗಿಲ್ಲ. ವೆಂಕಟೇಶ್ ಅವರೂ ಇಲ್ಲಿನ ವೈದ್ಯರೂ ಸೇರಿ 2004ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ರಕ್ತದಲ್ಲಿ ಸೀಸ ಹೆಚ್ಚಿದ್ದ ಶಾಲಾಮಕ್ಕಳ ಪರಿಸರವನ್ನು ಕೈಯಲ್ಲಿ ಹಿಡಿಯುವ ಎಕ್ಸ್‌ರೇ ಉಪಕರಣದಿಂದ ಪರೀಕ್ಷಿಸಲಾಗಿತ್ತು. ಬಣ್ಣ ಬಳಿದ ವಸ್ತುಗಳತ್ತ, ಮಣ್ಣಿನತ್ತ ಅದು ಬೆರಳು ತೋರಿತು.

ಸರ್ಕಾರ ಸುಮ್ಮನೆ ಕುಳಿತಿರಲಿಲ್ಲ ನಿಜ. ಸೀಸಬೆರೆತ ಪೆಟ್ರೋಲು 2000ದ ಫೆಬ್ರುವರಿಯಲ್ಲಿ ದೇಶದಿಂದ ಮರೆಯಾಯಿತು. ಬಣ್ಣದ ಸರದಿ ಬರಲು ಮಾತ್ರ ಮತ್ತೆ 16 ವರ್ಷ ಹಿಡಿಯಿತು! 2016ರ ಕೇಂದ್ರ ನಿಯಮದ ಪ್ರಕಾರ ಮನೆಬಳಕೆಯ ಮತ್ತು ಅಲಂಕಾರದ ಬಣ್ಣದಲ್ಲಿ ಹತ್ತು ಲಕ್ಷ ಭಾಗಕ್ಕೆ 90 ಭಾಗಕ್ಕಿಂತ ಹೆಚ್ಚು ಸೀಸ ಇರಕೂಡದು. ಜಾರಿಗೆ ಬಂದದ್ದು 2017ರ ನವೆಂಬರ್ 1ರಂದು. ಕಾರ್ಖಾನೆಗಳಲ್ಲಿ ಬಳಸುವ ಬಣ್ಣಕ್ಕೆ ಈ ಕಟ್ಟುಪಾಡು ಇಲ್ಲ. ಅಂಗಡಿಯ ಡಬ್ಬಕ್ಕೆ ನಿಯಮ ಬಂತು, ಗೋಡೆಯ ಮೇಲಿನ ಹಳೆಯ ಪದರಕ್ಕೆ ಬರಲಿಲ್ಲ.

2020ರಲ್ಲಿ ಯುನಿಸೆಫ್ ವರದಿ ಭಾರತದ ಸುಮಾರು 27.5 ಕೋಟಿ ಮಕ್ಕಳ ರಕ್ತದಲ್ಲಿ 5 ಮೈಕ್ರೋಗ್ರಾಂ ಮೀರಿದ ಸೀಸವಿದೆ ಎಂದು ಅಂದಾಜಿಸಿತು. ಸೀಸಕ್ಕೆ ಸುರಕ್ಷಿತ ಮಟ್ಟವೆಂಬುದೇ ಇಲ್ಲವೆನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಹಬ್ಬಕ್ಕೆ ಮನೆಗೆ ಬಣ್ಣ ಹೊಡೆಸುವವರು ಹಳೆಯ ಪದರವನ್ನು ಒಣಗಿದ್ದಂತೆಯೇ ತಿಕ್ಕಿಸದೆ ನೀರು ಚಿಮುಕಿಸಿ ಕೆರೆಸಬಹುದು. ಉದುರಿದ್ದನ್ನು ಗುಡಿಸುವ ಬದಲು ಒದ್ದೆ ಬಟ್ಟೆಯಿಂದ ಒರೆಸಿ, ಅಷ್ಟು ದಿನ ಮಕ್ಕಳನ್ನು ಬೇರೆ ಕಡೆ ಇಡುವುದು ಒಳ್ಳೆಯದು.