ನಿರ್ಬಂಧಿತ ಜಾಲದಲ್ಲಿ ಸರ್ವರ್ ವ್ಯವಸ್ಥೆಯ ಸ್ಥಾಪನೆ

ದೊಡ್ಡ ಸಂಸ್ಥೆಗಳ ಗಣಕಜಾಲವು ಒಂದು ಬಗೆಯ ಕೋಟೆಯೆನ್ನಬಹುದು. ಒಳಗಿನ ಯಂತ್ರಗಳು ಅಂತರ್ಜಾಲವನ್ನು ನೇರವಾಗಿ ಮುಟ್ಟಲಾರವು. ಪ್ರಾಕ್ಸಿಯೆಂಬ ಒಂದು ಬಾಗಿಲು ಮಾತ್ರ ತೆರೆದಿದ್ದು, ಉಳಿದ ಹಾದಿಗಳನ್ನು ಫೈರ್‌ವಾಲ್ ಮುಚ್ಚಿರುತ್ತದೆ. ಇಂಥಲ್ಲಿ ಬರಿಯ ಡಿಸ್ಕಿನ ಹೊಸ ಸರ್ವರಿನೊಳಗೆ ಆಪರೇಟಿಂಗ್ ಸಿಸ್ಟಂ ಅನ್ನು ಜಾಲದ ಮೂಲಕವೇ ತರುವ ಬಗೆ ಯಾವುದು, ತಂದುದನ್ನು ನಂಬುವುದಕ್ಕೆ ಆಧಾರವೇನು ಎಂಬುದನ್ನು ಡೆಬಿಯನ್ ವ್ಯವಸ್ಥೆಯನ್ನು ನಿದರ್ಶನವಾಗಿಟ್ಟುಕೊಂಡು ಇಲ್ಲಿ ಪರಿಶೀಲಿಸುತ್ತೇವೆ.

ಡಿಸ್ಕಿನಲ್ಲಿ ಏನೂ ಇಲ್ಲದ ಯಂತ್ರವು ಪಿಎಕ್ಸ್‌ಇ ಎಂಬ ವಿಧಾನದಿಂದ ಎಚ್ಚರಗೊಳ್ಳುತ್ತದೆ. ಅದು ಮೊದಲು ಡಿಎಚ್‌ಸಿಪಿಯ ಮೂಲಕ ತನಗೊಂದು ವಿಳಾಸವನ್ನೂ ಆರಂಭಕಡತದ ಹೆಸರನ್ನೂ ಕೇಳುತ್ತದೆ. ಈ ಕೂಗು ತನ್ನ ಉಪಜಾಲದ ಎಲ್ಲೆಯನ್ನು ದಾಟಲಾರದು. ಸರ್ವರು ಬೇರೆಡೆ ಇದ್ದರೆ ನಡುವಣ ರೂಟರು ಅದನ್ನು ಮುಂದಕ್ಕೆ ದಾಟಿಸಬೇಕು. ಅನಂತರ ಟಿಎಫ್‌ಟಿಪಿಯಿಂದ ಕಡತ ಬರುತ್ತದೆ. 1992ರ ಆರ್‌ಎಫ್‌ಸಿ 1350ರಲ್ಲಿ ವಿವರಿಸಿರುವ ಈ ವಿಧಾನ ಬಹು ಸರಳ, ಅಷ್ಟೇ ಮಂದಗತಿಯದು: 512 ಬೈಟುಗಳ ಒಂದೊಂದು ತುಣುಕಿಗೂ ಪ್ರತ್ಯುತ್ತರ ಬಂದ ಮೇಲೆಯೇ ಮುಂದಿನದು ಹೊರಡುತ್ತದೆ. 40 ಮೆಗಾಬೈಟಿನ ಕಡತಕ್ಕೆ ಇಂಥ 81,920 ವಿನಿಮಯಗಳು ಬೇಕು. ಇನ್ನೊಂದು ತೊಡಕೂ ಉಂಟು. ವಿನಂತಿ 69ನೆಯ ಪೋರ್ಟಿಗೆ ಹೋದರೂ ಸರ್ವರು ಬೇರೊಂದು ಪೋರ್ಟಿನಿಂದ ಉತ್ತರಿಸುತ್ತದೆ. ಇದನ್ನರಿಯದ ಫೈರ್‌ವಾಲ್ ಆ ಉತ್ತರವನ್ನು ತಡೆಯುತ್ತದೆ. ಆದುದರಿಂದ ಚಿಕ್ಕ ಆರಂಭಕಡತವನ್ನಷ್ಟೆ ಹೀಗೆ ತಂದು, ಉಳಿದುದನ್ನು ಒಳಗಿನ ಒಂದು ಎಚ್‌ಟಿಟಿಪಿ ಸರ್ವರಿನಿಂದ ಪಡೆಯುವುದೇ ಲೇಸೆಂದು ನಮ್ಮ ಅಭಿಪ್ರಾಯ.

ಸ್ಥಾಪಕವು ಎಚ್ಚತ್ತ ಬಳಿಕ ಪ್ರಾಕ್ಸಿಯ ವಿಳಾಸವನ್ನು ಕೇಳುತ್ತದೆ. ಪೂರ್ವಸಿದ್ಧ ಉತ್ತರಗಳ ಕಡತದಲ್ಲಿ ಅದನ್ನು ಮೊದಲೇ ಬರೆದಿಡಬಹುದು. ಹಲವು ಪ್ರಾಕ್ಸಿಗಳು ಎಚ್‌ಟಿಟಿಪಿಎಸ್ ಸಂಚಾರವನ್ನು ನಡುವೆ ಬಿಚ್ಚಿ ನೋಡಿ, ಸಂಸ್ಥೆಯ ಸ್ವಂತ ಪ್ರಮಾಣಪತ್ರದೊಡನೆ ಮತ್ತೆ ಮುಚ್ಚುತ್ತವೆ. ಹೊಸದಾಗಿ ಎದ್ದ ಸ್ಥಾಪಕಕ್ಕೆ ಆ ಪ್ರಮಾಣಪತ್ರದ ಪರಿಚಯವಿಲ್ಲ. ಅದು ಮುಂದುವರಿಯಲು ಒಪ್ಪದು. ಸಾದಾ ಎಚ್‌ಟಿಟಿಪಿಯಲ್ಲಿ ಈ ತೊಂದರೆಯಿಲ್ಲ.

ಹಾಗಾದರೆ ಬಯಲಿನಲ್ಲಿ ಬಂದ ತಂತ್ರಾಂಶವನ್ನು ನಂಬುವುದೆಂತು? ಡೆಬಿಯನ್ನಿನಲ್ಲಿ ನಂಬಿಕೆ ಹಾದಿಯನ್ನು ಆಶ್ರಯಿಸಿದುದಲ್ಲ, ಸಹಿಯನ್ನು ಆಶ್ರಯಿಸಿದುದು. ರಿಲೀಸ್ ಎಂಬ ಕಡತಕ್ಕೆ ಸಹಿಯಿರುತ್ತದೆ. ಅದರಲ್ಲಿ ಪ್ಯಾಕೇಜುಗಳ ಸೂಚಿಯ ಹ್ಯಾಶ್, ಸೂಚಿಯಲ್ಲಿ ಪ್ರತಿಯೊಂದು ಪ್ಯಾಕೇಜಿನ ಹ್ಯಾಶ್. ನಡುವೆ ಒಂದಕ್ಷರ ಬದಲಾದರೂ ಸರಪಳಿ ತುಂಡಾಗುತ್ತದೆ. ಸಹಿಯನ್ನು ಪರೀಕ್ಷಿಸುವ ಕೀಲಿಗಳು ಸ್ಥಾಪಕದೊಳಗೇ ಇರುತ್ತವೆ.

ಆದರೆ ಪರೀಕ್ಷಕನಲ್ಲಿಯೇ ದೋಷವಿದ್ದರೆ? 2019ರ ಜನವರಿಯಲ್ಲಿ ಮ್ಯಾಕ್ಸ್ ಜಸ್ಟಿಕ್ಜ್ ಎಂಬವರು ತೋರಿಸಿದ ಸಿವಿಇ-2019-3462 ಅಂಥದು. ಎಚ್‌ಟಿಟಿಪಿ ಮರುನಿರ್ದೇಶನದ ವಿಳಾಸವನ್ನು ಶೋಧಿಸದೆ ಏಪ್ಟ್ ತನ್ನ ಮುಖ್ಯ ಪ್ರಕ್ರಿಯೆಗೆ ದಾಟಿಸುತ್ತಿತ್ತು. ಹಾದಿಯಲ್ಲಿ ಕುಳಿತವನು ಅದರೊಳಗೆ ಸಾಲುಗಳನ್ನು ಸೇರಿಸಿ, ಹ್ಯಾಶ್ ಸರಿಯಿದೆಯೆಂದು ನಂಬಿಸಿ, ತನ್ನ ಆದೇಶಗಳನ್ನು ರೂಟ್ ಅಧಿಕಾರದಿಂದ ನಡೆಸಬಹುದಾಗಿತ್ತು. ತಿದ್ದುಪಡಿಯನ್ನು ತರಬೇಕಾದುದೂ ದೋಷಯುಕ್ತ ಏಪ್ಟೇ ಎಂಬುದು ಇಲ್ಲಿಯ ವಿಷಮ ಸಂಗತಿ. ಆದ್ದರಿಂದ ಆ ಒಂದು ಬಾರಿಗೆ ಮರುನಿರ್ದೇಶನವನ್ನು ನಿಲ್ಲಿಸಿ ಪರಿಷ್ಕರಿಸುವಂತೆ ಸೂಚಿಸಲಾಯಿತು. ಹೊಸ ಸ್ಥಾಪನೆಗಳ ರಕ್ಷಣೆಗೆಂದು ಡೆಬಿಯನ್ 9.7 ಆವೃತ್ತಿಯು ಜನವರಿ 23ರಂದು ಹೊರಬಂದಿತು. ಸಂಸ್ಥೆಯೊಳಗಿನ ಸರ್ವರಿನಲ್ಲಿ ವರ್ಷಗಟ್ಟಲೆ ಬದಲಾಗದೆ ಉಳಿದ ಸ್ಥಾಪಕದ ಪ್ರತಿ ಏಕೆ ಅಪಾಯಕರವೆಂಬುದು ಇದರಿಂದ ವಿಶದವಾಗುತ್ತದೆ.

ಗಡಿಯಾರದ ವಿಚಾರವೊಂದು ಉಳಿಯಿತು. ಸಮಯವನ್ನು ತರುವ ಎನ್‌ಟಿಪಿಯ 123ನೆಯ ಪೋರ್ಟು ಇಂಥ ಜಾಲಗಳಲ್ಲಿ ಹೊರಕ್ಕೆ ಮುಚ್ಚಿರುವುದುಂಟು. ಯಂತ್ರದ ಗಡಿಯಾರ ಬಹಳ ಹಿಂದುಳಿದಿದ್ದರೆ ಯಥಾರ್ಥವಾದ ರಿಲೀಸ್ ಕಡತವೂ ಇನ್ನೂ ಸಿಂಧುವಾಗಿಲ್ಲವೆಂದು ತಿರಸ್ಕೃತವಾಗುತ್ತದೆ. ದೋಷ ಪ್ರಾಕ್ಸಿಯದೆಂದು ಹುಡುಕುವವರು ಅನೇಕರು. ಒಳಗೇ ಒಂದು ಕಾಲಸರ್ವರನ್ನಿರಿಸಿ ಅದರ ವಿಳಾಸವನ್ನು ಸ್ಥಾಪಕಕ್ಕೆ ಒದಗಿಸಿದರೆ ಈ ಶ್ರಮ ತಪ್ಪುತ್ತದೆ.